ಐದನೆಯ ಜಾಗ

೧೨ ಜನವರಿ ೧೯೪೭, ರವಿವಾರ

ಶಾಲೆಗೆ ರಜೆ. ಬೆಳಗ್ಗೆ ಬಸದಿ, ಆಮೇಲೆ ಎರಡು ಸೀರೆ ಒಗೆದದ್ದು. ನಾಲ್ಕು ಗಂಟೆಗೆ ಬಸದಿಯ ಪಡಸಾಲೆಯಲ್ಲಿ ಮೀಟಿಂಗ್. ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ, ಸುಳ್ಳೇಕೆ ಹೇಳಲಿ.

ಊರಿಗೆ ನ್ಯಾಯ ಮಂಡಳಿ ಆಯಿತು. ಇಬ್ಬರು ಪಂಚರು ಚಳವಳಿಯ ನಮ್ಮ ಭೂಗತ ಪಡೆಯವರು, ಇಬ್ಬರು ಸರಕಾರದ ಪರವಿದ್ದ ಪಾಟೀಲರ ಕಡೆಯವರು. ಮೂರು ವರ್ಷ ಪಿಸ್ತೂಲ್, ಕೊಡಲಿ ಹಿಡಿದು ಒಬ್ಬರನ್ನೊಬ್ಬರು ಹುಡುಕಿದವರು ಇಂದು ಒಂದೇ ಜಮಖಾನೆಯ ಮೇಲೆ. ಐದನೆಯ ಜಾಗ ಹೆಂಗಸಿಗೆ. ಐದೂ ಜನ ಒಪ್ಪಿದರೆ ಮಾತ್ರ ತೀರ್ಪು.

ಆ ಜಾಗ ನನ್ನದೆಂದೇ ತಿಳಿದಿದ್ದೆ. ಪಡೆಯ ಚೀಟಿಗಳನ್ನು ಬರೆದವಳು ಯಾರು? ಜೋಳದ ಕಣಜದಲ್ಲಿ ಪಿಸ್ತೂಲ್ ಬಚ್ಚಿಟ್ಟವಳು? ಬಾಳಗೊಂಡರು — ಆಗ ಪಡೆಯ ಮುಖ್ಯ, ಈಗ ಮಂಡಳಿಯ ಮುಖ್ಯ — ಎದ್ದು ಹೆಸರು ಹೇಳಿದರು. ಶಾಲನ.

ಪದ್ಮಕುಮಾರನ ವಿಧವೆ. ಪೋಲೀಸರಿಗೆ ಸುದ್ದಿ ಕೊಡುತ್ತಾನೆಂದು ಪಡೆಯವರು ಹೊಳೆದಂಡೆಗೆ ಕರೆಸಿದ್ದು ಆ ಪದ್ಮಕುಮಾರನನ್ನು. ಓಡಿದ, ಗುಂಡು ಹಾಕಿದರು. ಹಾಕಿದವನೂ ಆಮೇಲೆ ಪೋಲೀಸರ ಗುಂಡಿಗೆ ಬಲಿಯಾದ.

ನನಗೆ ಕೊಟ್ಟದ್ದು ದಪ್ತರ ಬರೆಯುವ ಕೆಲಸ. "ನಿಮ್ಮಷ್ಟು ಚಂದ ಯಾರು ಬರೀತಾರ್ರಿ ಮಂಗಲಬಾಯಾರ," ಅಂದರು. ಶಾಲನಳಿಗೆ ಸಹಿ ಬಾರದು, ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಅವಳ ಹೆಸರು ಬರೆಯುವ ಭಾಗ್ಯ ನನ್ನದು. ಹೊಟ್ಟೆ ಉರಿಯಿತು.

೧೯ ಜನವರಿ

ಕಲ್ಲವ್ವನ ಹೊಲದ ಬಾಂದು ಮೈದುನರು ಒತ್ತಿದ್ದಾರೆ. ಅವಳು ಗಂಡಸರ ಮುಂದೆ ಬಾಯಿ ಬಿಡಲಿಲ್ಲ. "ಶಾಲನಕ್ಕ ಕೇಳಿದ್ರ ಹೇಳ್ತೇನಿ." ಶಾಲನ ಕೇಳಿದಳು, ಮೈದುನರು ತಲೆ ತಗ್ಗಿಸಿದರು, ಬಾಂದು ತಿರುಗಿ ಬಂತು. ಊರೆಲ್ಲ ಅದೇ ಮಾತು. ನಾನು ಕೇಳಿದ್ದರೂ ಅದೇ ಆಗುತ್ತಿತ್ತು.

೨೭ ಜನವರಿ

ಸಂಜೆ ಶಾಲನ ಮನೆಗೇ ಬಂದಳು. ಕೈಯಲ್ಲಿ ಪಾಟಿ.

"ಬಾಯಾರ, ನನಗ ಓದಾಕ ಕಲಸ್ರಿ."

"ಈಗ್ಯಾಕ ಬೇಕಾತು?"

"ಅವರನ್ನ ಹೊಳಿದಂಡಿಗಿ ಕರೆಸಿದ ಚೀಟಿ ನನ್ನ ಕಡೆ ಐತ್ರಿ. ನಾಲ್ಕು ವರ್ಷ ಆತು, ಯಾರಿಗೂ ತೋರಿಸಿಲ್ಲ. ಮಂದಿ ಓದಿ ಹೇಳಿದ್ದನ್ನ ಹ್ಯಾಂಗ ನಂಬಲಿ? ನಾನ ಓದಬೇಕು."

ಚಹಾದ ಬಟ್ಟಲು ಕೆಳಗಿಟ್ಟೆ. ಆ ಚೀಟಿ ನಾನು ಬರೆದದ್ದು. ಅವನ ಜೊತೆಗೇ ಸುಟ್ಟುಹೋಯಿತೆಂದುಕೊಂಡಿದ್ದೆ... ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ನಾಳೆಯಿಂದ ಬಾ ಅಂದೆ.

೯ ಫೆಬ್ರವರಿ

ಬೇಗ ಕಲಿಯುತ್ತಾಳೆ. ಅದಕ್ಕೂ ಹೊಟ್ಟೆಕಿಚ್ಚು. ಬೇಕೆಂದೇ ಒತ್ತಕ್ಷರ ಮುಂದೂಡಿದ್ದೆ. ಇಂದು ಸಭೆಯಲ್ಲಿ ನನ್ನ ದಪ್ತರದ ಮೇಲೆ ಬೆರಳಿಟ್ಟು ಮೇಲಿನ ಸಾಲು ತಾನೇ ಕೂಡಿಸಿಕೊಂಡು ಓದಿದಳು — ಶ್ರೀ ವೀತರಾಗಾಯ ನಮಃ. ಎಲ್ಲರೂ ಭೇಷ್ ಅಂದರು. ಅವಳು ಬಂದರೆ ಬಾಳಗೊಂಡರು ಏಳುತ್ತಾರೆ. ನಾನು ಬಂದರೆ ಮಸಿಕುಡಿಕೆ ಸರಿಸುತ್ತಾರೆ.

ಮನೆಗೆ ಬಂದ ಮೇಲೆ ಹೊಳೆಯಿತು. ಯಾವ ಕಾಗದಕ್ಕೂ ಮೊದಲು ಆ ಸಾಲು ಬರೆಯುವುದು ಅಪ್ಪ ಹಾಕಿಕೊಟ್ಟ ರೂಢಿ. ಹುಡುಗಿಯರ ಹಾಜರಿ ಪಟ್ಟಿಗೂ ಬರೆಯುತ್ತೇನೆ. ಒಬ್ಬ ಮನುಷ್ಯನನ್ನು ಸಾವಿಗೆ ಕರೆದ ಚೀಟಿಗೂ ಬರೆದಿದ್ದೆ. ಪಡೆಯಲ್ಲಿ ಬಸದಿಗೆ ಹೋಗುವವರು ನಾವಿಬ್ಬರೇ — ಬಾಳಗೊಂಡರು, ನಾನು. ಅವರಿಗೆ ಕನ್ನಡ ಬರೆಯಲು ಬರುವುದಿಲ್ಲ, ಏನಿದ್ದರೂ ಮರಾಠಿಯ ಮೋಡಿ ಲಿಪಿ.

೨ ಮಾರ್ಚ್

ಮೂರು ವಾರ ಏನೂ ಬರೆಯಲಿಲ್ಲ. ಪಾಠಕ್ಕೂ ಜ್ವರವೆಂದು ಹೇಳಿದೆ.

ಇಂದು ಶಾಲನ ಫಿರ್ಯಾದು ಹೇಳಿದಳು. "ನನ್ನ ಗಂಡ ಪೋಲೀಸರಿಗೆ ಸುದ್ದಿ ಕೊಟ್ಟಿದ್ರೋ ಇಲ್ಲೋ, ದಪ್ತರದಾಗ ಬರೀರಿ. ಯಾರಿಗೂ ಶಿಕ್ಷಾ ಬ್ಯಾಡ." ಪಾಟೀಲರ ಕಡೆಯವರು ಎದ್ದರು, ನಮ್ಮವರೂ ಎದ್ದರು. ಒಬ್ಬನ ಕೈ ಬಡಿಗೆಗೆ ಹೋಯಿತು. ಮತ್ತೆ ಆ ದಿನಗಳೇ ಬಂದವು ಅಂದುಕೊಂಡೆ. ಶಾಲನ ಕೂತಲ್ಲಿಂದ ಏಳಲಿಲ್ಲ. ಒಬ್ಬೊಬ್ಬರೇ ಕೂತರು.

ಸಾಕ್ಷಿಗೆ ಮುದುಕ ಧೋಂಡಿಬಾ, ನಮ್ಮೂರ ಹಳೆಯ ಕಾವಲುಗಾರ. ಈಗ ಇಚಲಕರಂಜಿಯಲ್ಲಿ ಮಗಳ ಮನೆಯಲ್ಲಿದ್ದಾನೆ.

"ಗಡಹಿಂಗ್ಲಜದ ಪೋಲೀಸ್ ಚೌಕಿಯಿಂದ ನನ್ನ ಬಿಡಸಾಕ ಬಂದಿದ್ರು, ಪದ್ಮಣ್ಣ. ಫೌಜದಾರಗ ಕೈ ಮುಗದ್ರು. ಅವ ಚಹಾ ಕೊಟ್ಟ, ಕುಡದ್ರು. ನನ್ನ ಬಿಟ್ರು. ಮರುದಿನಾನ ನಾನು ಇಚಲಕರಂಜಿಗಿ ಹೋದೆ. ಇಲ್ಲಿ ಏನಾತು, ಮೊನ್ನೆ ಶಾಲನವ್ವ ಬಂದು ಹೇಳಿದಾಗ್ಲೇ ಗೊತ್ತಾಗಿದ್ದು."

ಪೆನ್ನು ನಿಂತಿತು. ಆ ಚಹಾ ನಾನು ಕಂಡದ್ದು. ಸಂತೆಗೆ ಹೋಗಿದ್ದೆ. ಬಾಳಗೊಂಡರಿಗೆ ಬಂದು ಹೇಳಿದವಳು ನಾನೇ.

ಇಲ್ಲಿ ಯಾರೂ ಓದುವುದಿಲ್ಲ, ಬರೆಯುತ್ತೇನೆ. ಆ ದಿನ ನಾನು ಕಂಡದ್ದು ಎರಡು. ಮೊದಲು ಚೌಕಿಯ ಚಹಾ. ಆಮೇಲೆ ಅಂಗಡಿಯಲ್ಲಿ ಅವನು ಹೆಂಡತಿಗೆಂದು ಇಳಕಲ್ ಸೀರೆ ಆರಿಸುತ್ತಿದ್ದದ್ದು — ಸೆರಗು ಬಿಡಿಸಿ, ನಗುತ್ತಾ. ನಾನು ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡವಳು, ಬಿಳಿ ಸೀರೆಯವಳು. ಬಾಳಗೊಂಡರಿಗೆ ಹೇಳಿದ್ದು ಚಹಾದ ಸಂಗತಿ. ಹೇಳಿಸಿದ್ದು ಆ ಸೀರೆ.

ತನ್ನ ಫಿರ್ಯಾದಿಗೆ ತಾನೇ ಪಂಚಳಾಗಬಾರದೆಂಬ ನಿಯಮ. ಶಾಲನ ಜಮಖಾನೆಯಿಂದ ಎದ್ದಳು. "ಬರೂ ರವಿವಾರ ನನ್ನ ಜಾಗಾದಾಗ ಬಾಯಾರ ಕುಂದ್ರಲಿ." ಎಲ್ಲರೂ ಹೂಂ ಅಂದರು. ಎರಡು ತಿಂಗಳು ಹಂಬಲಿಸಿದ ಜಾಗ.

ಹೊರಗೆ ಬಾಳಗೊಂಡರು ತಗ್ಗಿದ ದನಿಯಲ್ಲಿ, "ನಿಮ್ಮ ಹೆಸರು ನನ್ನ ಬಾಯಿಂದ ಬರಂಗಿಲ್ರಿ. ನಂಬಿದ ತಪ್ಪು ನಂದು. ಅಷ್ಟ ಹೇಳ್ತೇನಿ."

೮ ಮಾರ್ಚ್, ಸಂಜೆ

ಶಾಲನ ಬಂದಿದ್ದಳು. ಚೀಟಿ ಬಿಡಿಸಿ ಮಣೆಯ ಮೇಲಿಟ್ಟಳು. ನನ್ನ ದುಂಡನೆಯ ಅಕ್ಷರ.

"ಪೂರಾ ಓದಿದೆ ಬಾಯಾರ. ಮ್ಯಾಲಿನ ಸಾಲು ಭಾಳ ಸಲೀಸ ಬಂತು."

"ಯಾವಾಗ ಓದಿದಿ?"

"ಸಭಾದಾಗ ಆ ಸಾಲು ಓದಿದ ದಿನಾನ."

ಅಂದರೆ ಗೊತ್ತಿದ್ದೇ ನನ್ನನ್ನು ಅಲ್ಲಿ ಕೂರಿಸಿದಳು. ಚೀಟಿ ಮಡಿಚಿಕೊಂಡು ಎದ್ದಳು. "ನಾಳೆ ಬರ್ತೀರಲ್ಲ?"

೯ ಮಾರ್ಚ್, ಮಧ್ಯಾಹ್ನ ಮೂರು

ಒಳ್ಳೆಯ ಸೀರೆ ಉಡಲಿಲ್ಲ. ಸುಮ್ಮನೆ ಕೂತು ಇಲ್ಲವೆಂದು ತಲೆಯಾಡಿಸಿದರೆ ಮುಗಿಯಿತು. ಐದನೆಯವಳು ನಾನೇ, ಬೇಡ ಅಂದರೆ ತೀರ್ಪೇ ಇಲ್ಲ. ಪದ್ಮಕುಮಾರ ಸುದ್ದಿ ಕೊಡುವವನಾಗಿಯೇ ಉಳಿಯುತ್ತಾನೆ, ಶಾಲೆ ನನಗೆ ಉಳಿಯುತ್ತದೆ. ಬಡಿಗೆಗಳೂ ಮೂಲೆಯಲ್ಲಿ ಹಾಗೇ ಇರುತ್ತವೆ.

ಈಗಲೂ ಅವಳ ಮೇಲೆ ಹೊಟ್ಟೆಕಿಚ್ಚು. ಅವಳು ಎಲ್ಲರೆದುರು ನಿಂತು ಕೇಳಬಲ್ಲಳು.

ಸಭೆಯಲ್ಲಿ ಬಾಯಿ ಬರದೇ ಹೋದೀತು. ಓದಲು ಒಂದು ಹಾಳೆ ಬರೆದುಕೊಳ್ಳುತ್ತೇನೆ. ಮೊದಲು ಇಲ್ಲಿ, ಕಚ್ಚಾ —

ಶ್ರೀ ವೀತರಾಗಾಯ ನಮಃ

ಪದ್ಮಕುಮಾರರ ಹೆಸರು ಕೊಟ್ಟವಳು