ಮಾವನವರೂ ಕರಕರ ಪೆಟ್ಟಿಗೆಯೂ

ಮಾರ್ಚ್ ೧೪, ಶನಿವಾರ

ನಾನೇ ಕೊಯ್ದು, ಅಂಟಿಸಿ ಮಾಡಿದ ಸ್ಪೀಕರ್ ಪೆಟ್ಟಿಗೆ ಇವತ್ತೂ ಕರಕರ ಎನ್ನುತ್ತಿತ್ತು. ಡ್ರಮ್ ಸದ್ದು ಬಂದರೆ ಸಾಕು, ಒಳಗೆ ಯಾರೋ ಹಲ್ಲು ಕಡಿದ ಹಾಗೆ. "ನಾಳೆಯೊಳಗೆ ಸರಿಹೋಗದಿದ್ರೆ ಅದಕ್ಕೆ ಈರುಳ್ಳಿ ತುಂಬ್ತೀನಿ" ಎಂದಳು ಹೆಂಡತಿ. ತಮಾಷೆಗಲ್ಲ, ಈರುಳ್ಳಿ ಬುಟ್ಟಿಯನ್ನು ಪಕ್ಕದಲ್ಲೇ ತಂದಿಟ್ಟಿದ್ದಳು.

ಹಲಗೆ ಹಿಡಿದು ಸಹಾಯ ಮಾಡಿದ್ದ ಮಾವನವರಿಗೆ ಸನ್ನೆ ಮಾಡಿ ಕರೆದೆ. ಪೆಟ್ಟಿಗೆಗೆ ಕಿವಿಯಿಟ್ಟು, "ಒಂಚೂರೂ ಕರಕರ ಇಲ್ಲ ಅಳಿಯಂದ್ರೇ, ಬೆಣ್ಣೆ ಥರ ಇದೆ" ಎಂದರು. ನಾನಿನ್ನೂ ಹಾಡು ಹಾಕಿರಲೇ ಇಲ್ಲ.

ಅವರ ಕಿವಿ ಬರಿದಾಗಿದ್ದುದು ಕಂಡು ಅನುಮಾನ ಬಂತು, ಸ್ಪೀಕರ್ ಬಿಚ್ಚಿ ಒಳಗೆ ಕೈ ಹಾಕಿದೆ. ಮೂಲೆಯಲ್ಲಿ ಅವರ ಕಿವಿ ಮಿಷನ್ ಸಿಕ್ಕಿತು! ಗರಗಸದ ಸದ್ದು ತಾಳಲಾರದೆ ತೆಗೆದು ಅಲ್ಲಿಟ್ಟು ಮರೆತಿದ್ದರಂತೆ.

"ಮಗಳು ಬೈತಾಳೆ ಅಂತ ಸುಮ್ಮನಿದ್ದೆ. ಬೈದಿದ್ರೂ ಕೇಳಿಸ್ತಿರಲಿಲ್ಲ ಅನ್ನಿ."

ಸ್ಪೀಕರ್ ಮತ್ತೆ ಕೂರಿಸಿ ಹಾಡು ಹಾಕಿದೆ. ಅವರು ಮಿಷನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಇಡೀ ಹಾಡು ಕೇಳಿದರು. ಕರಕರ ಮಾಯವಾಗಿತ್ತು. ನನಗೋ ಕುಣಿಯುವಷ್ಟು ಖುಷಿ.

"ತುಂಬಾ ಚೆನ್ನಾಗಿದೆ. ಆದ್ರೆ ಬಲಗಡೆ ಸದ್ದು ಕಮ್ಮಿ ಬೀಳ್ತಿದೆ. ಆ ಕಡೆಗೂ ಒಂದು ಪೆಟ್ಟಿಗೆ ಮಾಡೋಣ" ಎಂದರು.

ಹೆಂಡತಿಗೆ ಇದನ್ನು ಯಾರು ಹೇಳುವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮಾವನವರು ಆಗಲೇ ಮಿಷನ್ ತೆಗೆದಿಟ್ಟು ಮಲಗಿದ್ದಾರೆ. ಹಲಗೆಯೇನೋ ಅಟ್ಟದ ಮೇಲೆ ಸಾಕಷ್ಟಿದೆ, ಅಂಟು ಮಾತ್ರ…