ಗೀರಿಲ್ಲದ ಬಾಣಗಳು

ಬಾವ ಲಾನಿಹು ಅವರಿಗೆ,

ಹೋದ ಚಳಿಗಾಲದಲ್ಲಿ ಕಾಡುಹಂದಿಗೆ ತಗುಲಿದ್ದು ನನ್ನ ಬಾಣವಲ್ಲ, ನಿಮ್ಮದು. ನನ್ನದು ಎಳೆ ಬಿದಿರು. ಸೊಟ್ಟಗೆ ಹಾರಿ ಪೊದೆಗೆ ಬಿತ್ತು. ನೀವು ದಿಬ್ಬ ಹತ್ತಿ ಬರುವಷ್ಟರಲ್ಲಿ ಬಾಣದ ಮೇಲಿದ್ದ ನಿಮ್ಮ ಗುರುತಿನ ಮೂರು ಗೀರುಗಳನ್ನು ಚಾಕುವಿನಿಂದ ಕೆರೆದುಬಿಟ್ಟಿದ್ದೆ. ನೀವು ಅದನ್ನು ತಿರುಗಿಸಿ ನೋಡಿ, "ಭೇಷ್ ಕಣಯ್ಯಾ, ಕೊನೆಗೂ ಬಿದಿರು ನೆಟ್ಟಗೆ ಮಾಡೋದು ಕಲ್ತೆ!" ಎಂದಿರಿ. ಹೊಡೆದವನಿಗೆ ಸಲ್ಲುವ ಹಂದಿಯ ದವಡೆ ನಮ್ಮ ಗೋಡೆಗೇರಿತು.

ಈಗ ತೂಗುಹಾಕಿದ ಜಿಂಕೆಯ ಕಿವಿಗೆ ಗುರಿಯಿಟ್ಟು ಬಾಣ ಬಿಡುವ ಹಬ್ಬಕ್ಕೆ ಊರವರೆಲ್ಲ ನನ್ನಿಂದಲೇ ಬಾಣ ಕೇಳುತ್ತಿದ್ದಾರೆ. ನೆಟ್ಟಗೆ ಮಾಡಲು ನಾನು ಬೆಂಕಿಗೆ ಹಿಡಿದ ಬಿದಿರೆಲ್ಲ ಸೀಳಿಹೋಗುತ್ತಿದೆ. ನಿನ್ನೆ ನೀವು ಕಳಿಸಿದ ಹನ್ನೆರಡು ಬಾಣಗಳು ಬಂದವು. ಒಂದರ ಮೇಲೂ ನಿಮ್ಮ ಗೀರಿಲ್ಲ; ನಿಮಗೆ ಅಂದೇ ಗೊತ್ತಾಗಿತ್ತು.

ದವಡೆಯನ್ನು ಇಳಿಸಿಟ್ಟಿದ್ದೇನೆ, ಬಂದು ಒಯ್ಯಿರಿ. ಬಾಣಗಳಿಗೆ ಗೀರು ಹಾಕಲು ನಿಮ್ಮ ಚಾಕುವನ್ನೇ ತನ್ನಿ. ನನ್ನದು ಬೇಡ.

ನಿಮ್ಮ ಮುಖ ನೋಡಲಾರದ,
ಬಿಸಾಜು