ಚುಯ್ ಅಂದರೆ ಹಾಲು

ಫೆಬ್ರವರಿ 9, ಮಧ್ಯಾಹ್ನ

ಇಸ್ತ್ರಿಗೆ ಎರಡು ಪ್ಯಾಂಟು ಬಾಕಿ. ಮೇಷ್ಟ್ರ ಅಂಗಿ ಕಾಲರ್ ಮತ್ತೆ ಹಳದಿ. ಕುತ್ತಿಗೆ ಉಜ್ಜಿಕೊಳ್ಳಿ ಸಾರ್ ಅನ್ನೋಕಾಗತ್ತಾ, ಗಿರಾಕಿ. ಅವರದೇ ಬೆಡ್‌ಶೀಟ್ ಮೇಲೆ ಬಟನ್ ಮಲಗಿದ್ದಾಳೆ, ಬಟ್ಟೆ ಬುಟ್ಟಿಯಲ್ಲಿ. ಒದ್ದೆ ಮಾಡಿದರೆ ಇನ್ನೊಂದು ಸಲ ತೊಳೆದರಾಯ್ತು. ಮೇಷ್ಟ್ರಿಗೆ ಹೇಳೋರ್ಯಾರು.

ತಂಗಿ ಮಗಳು, ಈಗ ಮೂರು ತಿಂಗಳು. ಹೆಸರಿಟ್ಟಿಲ್ಲ, ಅವಳಮ್ಮ ಬರಲಿ ಅಂತ. ನನ್ನ ಕೈಗೆ ಬಂದಾಗ ಅಂಗಿಯಿಂದ ಕಿತ್ತು ಬಿದ್ದ ಬಟನ್ನಿನ ಹಾಗಿದ್ದಳು, ಅದೇ ಹೆಸರಾಯ್ತು. ತಂಗಿ ದೊಡ್ಡಾಸ್ಪತ್ರೆಯಲ್ಲಿ. ಎದೆಯ ಕಾಯಿಲೆ, ಅಂಟುವಂಥದ್ದು, ಮಗು ಹತ್ತಿರ ಸುಳಿಯಕೂಡದು. ಭಾವ ಲಾರಿ ಡ್ರೈವರ್, ಸ್ಟೀರಿಂಗ್ ಬಿಟ್ಟರೆ ಊಟ ಇಲ್ಲ. ಉಳಿದವನು ನಾನು, ಮದುವೆ ಗೋಜಿಗೆ ಹೋಗದೆ ಇಸ್ತ್ರಿ ಪೆಟ್ಟಿಗೆ ಹಿಡಿದು ಮೇಲೆ ಬಂದವನು.

“ಏನಣ್ಣಾ, ಫ್ರೀ ಡೆಲಿವರಿನಾ?” ಅಂದ ಟೀ ಅಂಗಡಿಯವನು.

“ವಾಪಸ್ ತಗೊಳ್ಳಲ್ವಂತೆ,” ಅಂದೆ.

ಫೆಬ್ರವರಿ 21

ಇವತ್ತೊಂದು ತಮಾಷೆ. ಮಗು ಎತ್ತಿಕೊಳ್ಳೋ ಮುಂಚೆ ನನ್ನದೊಂದು ರೂಲ್ ಇದೆ. ಪ್ಲಗ್ ಕಿತ್ತು, ಬೆರಳು ನಾಲಿಗೆಗೆ ಮುಟ್ಟಿಸಿ, ಪೆಟ್ಟಿಗೆಗೆ ತಾಗಿಸೋದು. ಚುಯ್ ಅಂದರೆ ಇನ್ನೂ ಬಿಸಿ, ಗೋಡೆ ಕಡೆ ದೂಡಬೇಕು. ಆಮೇಲೆ ಬಾಟ್ಲಿ, ಆಮೇಲೆ ಮಗು. ಇವತ್ತು ರೇಷ್ಮೆ ಸೀರೆಗೆ ಬಿಸಿ ನೋಡೋಕೆ ಚುಯ್ ಅನ್ನಿಸಿದೆ. ಬುಟ್ಟಿಯಲ್ಲಿ ಕಿರುಚುತ್ತಿದ್ದವಳು ಗಪ್‌ಚಿಪ್. ಬಾಯಿ ಚಪ್ಪರಿಸೋಕೆ ಶುರು. ಹಾಲಿಲ್ಲ, ಬಾಟ್ಲಿ ಇಲ್ಲ, ಬರೀ ಸದ್ದು!

ಇನ್ನೊಂದು ಸಲ... ಚುಯ್. ತಿರುಗಿ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ.

ಬೋರ್ಡು ಹಾಕಿದ ಮೇಲೆ ಮಾಲು ಕೊಡಬೇಕು. ಸೀರೆ ಪಕ್ಕಕ್ಕಿಟ್ಟು ಹಾಲು ಬೆರೆಸಿದೆ.

ಏಪ್ರಿಲ್ 2

ಪಕ್ಕದ ಟೈಲರಮ್ಮ ಎತ್ತಿಕೊಂಡರು, ರಂಪ. ನನ್ನ ಕೈಗೆ ಬಂದಳು, ಸುಮ್ಮನಾದಳು. ಬನಿಯನ್ನಿಗೆ ಮೂಗು ಒತ್ತಿ, ಬಿಸಿ ಬಟ್ಟೆಯ ಆ ವಾಸನೆ ಎಳೆದುಕೊಂಡು ನಿದ್ದೆ.

“ನಿನ್ನ ಹೊಟ್ಟೇಲೇ ಹುಟ್ಟಿದ ಹಾಗೆ ಆಡ್ತಾಳಲ್ಲೋ!”

ಹೊಟ್ಟೆಗೇನು ಕಮ್ಮಿ ಅಂತ ತಟ್ಟಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ನಾನು ಒಳಗೆ ಹೋಗಿ, ಏನೋ ಹುಡುಕುವವನ ಹಾಗೆ ಸ್ವಲ್ಪ ಹೊತ್ತು ನಿಂತಿದ್ದೆ.

ಮೇ 17

ತಂಗಿ ಬಂದಳು. ಕಾಯಿಲೆ ಪೂರ್ತಿ ವಾಸಿ. ತೂಕ ಇಲ್ಲ, ಕಣ್ಣು ಮಾತ್ರ ಇದೆ. ತಲೆ ಬಾಚಿ, ಹೊಸ ಸೀರೆ ಉಟ್ಟು, ಮಗು ನೋಡೋಕೆ ಪರೀಕ್ಷೆಗೆ ಬಂದವಳ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಕೊಟ್ಟೆ.

ಬಟನ್ ಅತ್ತಿದ್ದು ಅಂದರೆ... ಉಸಿರು ಕಟ್ಟಿ, ತುಟಿ ನೀಲಿ. ಎರಡೂ ಕೈ ನನ್ನ ಕಡೆ.

“ಅಮ್ಮ ಕಣೇ, ಅಮ್ಮ,” ಅಂತ ತಂಗಿ. ಮಗುವಿಗೆ ಆ ಪದ ಯಾವ ಅಂಗಡಿಯದೋ.

ತಗೊಂಡೆ. ತಕ್ಷಣ ಬಂದ್. ಆಗ ತಂಗಿ ನನ್ನನ್ನು ನೋಡಿದ ನೋಟ ಬರೆಯಲಾರೆ.

“ಹೆತ್ತಿದ್ದು ನಾನಾ, ನಿನ್ನ ಇಸ್ತ್ರಿ ಪೆಟ್ಟಿಗೆನಾ, ಹೇಳಣ್ಣಾ.”

ನಾನು ಊರಿಗೆಲ್ಲ ಬಾಯಿ. ಮಗು ಎತ್ತಿಕೊಂಡೇ ಬಾಟ್ಲಿ ತೊಳೆಯೋಕೆ ಹೋದೆ. ಇನ್ನೊಂದು ಮಾತು, ಇಲ್ಲಿ ಮಾತ್ರ: ಮಗು ನನ್ನ ಕಡೆ ಕೈ ಚಾಚಿದಾಗ ಖುಷಿಯಾಯ್ತು. ಥೂ.

ಮೇ 19

ಮಕ್ಕಳ ಡಾಕ್ಟರಮ್ಮನ ಹತ್ತಿರ ಮೂವರೂ. ತಂಗಿ ಅಳು, ಮಗು ಅಳು. ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು: “ಇಷ್ಟು ಚಿಕ್ಕ ಮಗುಗೆ ರಕ್ತಸಂಬಂಧ ಗೊತ್ತಾಗಲ್ಲಮ್ಮ. ಹಸಿವಾಗತ್ತೆ, ಒಂದು ಸದ್ದು ಕೇಳತ್ತೆ, ಒಂದು ವಾಸನೆ ಬರತ್ತೆ, ಆಮೇಲೆ ಹಾಲು, ಬೆಚ್ಚಗೆ ತೋಳು. ದಿನಾ ಹಾಗೇ ಆದರೆ ಅವೆಲ್ಲ ಸೇರಿ ಒಬ್ಬರು ಮನುಷ್ಯರಾಗ್ತಾರೆ. ಅವರೇ ಬೇಕು ಅನ್ನತ್ತೆ. ಕಲಿತಿದ್ದು ಅದು. ಮತ್ತೆ ಕಲಿಸಬಹುದು.”

“ಯಾರು ಕಲಿಸ್ತಾರೆ?” ತಂಗಿ.

ಡಾಕ್ಟರಮ್ಮ ನನ್ನನ್ನೇ ನೋಡಿದರು. ಗಿರಾಕಿ ನನ್ನ ಹತ್ತಿರ ಇದ್ದಾಳೆ. ಪಕ್ಕದ ಅಂಗಡಿಗೆ ನಾನೇ ಕೈ ಹಿಡಿದು ಬಿಟ್ಟು ಬರಬೇಕು. ಬಿಸಿನೆಸ್ಸಲ್ಲಿ ಇಂಥ ದಡ್ಡತನ ಯಾರೂ ಮಾಡಲ್ಲ.

ಮಾಡ್ತೀನಿ ಅಂದೆ.

ಮೇ 20

ಅಂಗಡಿಯ ಹಳೇ ಪೆಟ್ಟಿಗೆ ಮುಂದಿನ ಬೀದಿಯ ತಂಗಿ ರೂಮಿಗೆ ಒಯ್ದೆ. ಅಲ್ಲಿ ಮೇಜಿಲ್ಲ, ನೆಲದ ಮೇಲೆ ಕಂಬಳಿ ಮಡಿಸಿ ಇಟ್ಟೆ. ನನ್ನ ಒಗೆಯದ ಅಂಗಿ ತಂಗಿಗೆ ಹೊದೆಸಿದೆ.

“ಥೂ, ಬೆವರು ನಾರತ್ತೆ!”

“ಅದೇ ಬಂಡವಾಳ. ಸುಮ್ನೆ ಹೊದ್ಕೋ.”

ನಾನು ಚುಯ್ ಅನ್ನಿಸೋದು, ಬಾಟ್ಲಿ ಅವಳು ಕೊಡೋದು. ಇವತ್ತು ಬಟನ್ ಕುಡಿಯಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಏನಾಯ್ತು ನಿನಗೆ ಅನ್ನೋ ಹಾಗೆ.

ಜೂನ್ 11

ಕುಡಿದಳು! ನಾನು ಬಾಗಿಲ ಹಿಂದೆ. ತಂಗಿ ತಾನೇ ಬೆರಳು ಒದ್ದೆ ಮಾಡಿ ಚುಯ್ ಅನ್ನಿಸಿದಳು, ಬಟನ್ ತಿರುಗಿ ತಂಗಿ ಮುಖ ನೋಡಿದಳಂತೆ. ನಕ್ಕಳಂತೆ. ತಂಗಿ ಒಳಗಿಂದ ಕೂಗಿ ಕೂಗಿ ಹೇಳಿದಳು.

ಗೆದ್ದೆವು ಅಂದೆ. ದಾರಿಯಲ್ಲಿ ಟೀ ಅಂಗಡಿಯವನು ಏನೋ ಕೇಳಿದ. ಕೇಳಿಸಲಿಲ್ಲ ಅಂತ ನಟಿಸಿ ಬಂದೆ.

ಜೂನ್ 20

ಬರೆಯಬೇಕಾ. ಬರೀತೀನಿ.

ಬೆಳಿಗ್ಗೆ ತಂಗಿ ರೂಮು. ಹಾಲು ಮುಗಿದಿತ್ತು. ಪ್ಲಗ್ ಕಿತ್ತು ಬಹಳ ಹೊತ್ತಾಗಿತ್ತು. ಬಟನ್ ಈಗ ಅಂಬೆಗಾಲಿಡ್ತಾಳೆ.

“ಅಣ್ಣಾ, ಪೆಟ್ಟಿಗೆ ಮೇಲಿಡಲಾ?” ಕೇಳಿದಳು ತಂಗಿ.

ಒದ್ದೆ ಬೆರಳು ಇಟ್ಟು ನೋಡಿದೆ. ಸದ್ದಿಲ್ಲ. ಅಂಗೈಯೇ ಇಟ್ಟೆ. “ತಣ್ಣಗಿದೆ ಬಿಡು.”

ವರ್ಷಗಟ್ಟಲೆ ಸುಟ್ಟು ಸುಟ್ಟು ಜಡ್ಡುಗಟ್ಟಿದ ಕೈ. ಇದಕ್ಕೆ ತಣ್ಣಗೆ ಅಂದರೆ ಬೇರೆಯವರಿಗೆ ತಣ್ಣಗಲ್ಲ. ಸೂಜಿ ಚುಚ್ಚಿದರೂ ಗೊತ್ತಾಗಲ್ಲ ಅಂತ ನಾನೇ ಜಂಭ ಕೊಚ್ಚಿಕೊಂಡಿದ್ದೆ.

ಬಟನ್ ಸೀದಾ ಅದರ ಹತ್ತಿರ ಹೋದಳು. ನಗುತ್ತಾ ಹೋದಳು. ಹಾಲು ಕೊಡೋದು ಅದೇ ತಾನೇ. ಎರಡೂ ಅಂಗೈ ಊರಿದಳು.

ಎತ್ತಿಕೊಂಡಿದ್ದು ನಾನು. ಎದೆಗೆ ಒತ್ತಿಕೊಂಡೆ — ಅದೇ ಬಿಸಿ ಬಟ್ಟೆ ವಾಸನೆಗೆ. ಇನ್ನೂ ಜೋರಾಗಿ ಕಿರುಚಿದಳು. ತಂಗಿ ಕಿತ್ತುಕೊಂಡಳು. ತಂಗಿ ಹೆಗಲ ಮೇಲೆ ನಿಧಾನಕ್ಕೆ ಸುಮ್ಮನಾದಳು.

ಜುಲೈ 15

ಬಟನ್ ಅಂಗೈ ವಾಸಿಯಾಗಿದೆ. ಗುರುತೂ ಉಳಿಯಲ್ಲ ಅಂದರು ಡಾಕ್ಟರಮ್ಮ. ನೋಡಲು ಹೋದೆ. ಬಾಗಿಲು ದಾಟುವವರೆಗೆ ಚೆನ್ನಾಗೇ ಆಡುತ್ತಿದ್ದಳು. ಹತ್ತಿರ ಬಂದೆ, ಮೂಗು ಅರಳಿತು. ಕೈ ಎರಡೂ ಮುಷ್ಟಿ ಮಾಡಿ ಎದೆಗೆ ಅವಚಿಕೊಂಡು, ತಂಗಿ ಕುತ್ತಿಗೆಗೆ ಮುಖ ಹುಗಿದು ಕಿರುಚಾಟ.

ತಂಗಿ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. “ಸ್ವಲ್ಪ ದಿನ ಬರಬೇಡಣ್ಣಾ. ಬೇಜಾರು ಮಾಡ್ಕೋಬೇಡ.”

“ನಂಗೂ ಅಂಗಡಿಯಲ್ಲಿ ತುಂಬಾ ಕೆಲಸ,” ಅಂದೆ.

ಆಗಸ್ಟ್ 2

ವಾರವಿಡೀ ಅಂಗಡಿ ಮುಚ್ಚಿದ್ದೆ. ವಾಸನೆ ಸೋಪು ಹಚ್ಚಿ ಹಚ್ಚಿ ಚರ್ಮ ಬಿರಿಯಿತು. ಇಸ್ತ್ರಿ ಇಲ್ಲದ ಹೊಸ ಅಂಗಿ, ಮಡಿಕೆ ಮಡಿಕೆಯಾಗಿಯೇ ತೊಟ್ಟು ಹೊರಟೆ.

“ಇಸ್ತ್ರಿಯವನ ಅಂಗಿಗೇ ಇಸ್ತ್ರಿ ಇಲ್ಲವಲ್ಲೋ!” ಟೈಲರಮ್ಮ.

“ಫ್ಯಾಷನ್ ಕಣಮ್ಮ.”

ಬಟನ್ ಅಳಲಿಲ್ಲ. ತಂಗಿಗೂ ಆಶ್ಚರ್ಯ, ನನ್ನ ಮಡಿಲಲ್ಲಿ ಕೂರಿಸಿದಳು. ಮಗು ನನ್ನ ಮುಖ ನೋಡಿದಳು, ಅಂಗಿ ನೋಡಿದಳು. ಒಂದ್ಸಲ ಮೂಸಿದಳು. ಏನೂ ಸಿಗಲಿಲ್ಲ. ಯಾರೋ ಮನೆಗೆ ಬಂದವರನ್ನು ನೋಡಿದ ಹಾಗೆ ನೋಡಿ, ತಂಗಿ ಕಡೆ ಕೈ ಚಾಚಿದಳು.

ಆ ವಾಸನೆ ಇದ್ದರೆ ಹೆದರ್ತಾಳೆ. ಇಲ್ಲದಿದ್ದರೆ ನಾನು ಯಾರೂ ಅಲ್ಲ. ಎಷ್ಟು ಹೊರಳಿಸಿ ನೋಡಿದರೂ ಮೂರನೇ ದಾರಿ ಕಾಣಲ್ಲ.

ತಂಗಿ ಹೆಸರಿಟ್ಟಿದ್ದಾಳೆ. ಒಳ್ಳೇ ಹೆಸರು. ಕರೆದರೆ ತಿರುಗ್ತಾಳೆ.

ಆಗಸ್ಟ್ 11, ಸಂಜೆ

ಅಂಗಡಿ ತೆಗೆದೆ. ಮೇಷ್ಟ್ರ ಕಾಲರ್ ಹಾಗೇ ಹಳದಿ. ಬುಟ್ಟಿ ತುಂಬ ಬಟ್ಟೆ, ಬರೀ ಬಟ್ಟೆ.

ತಂಗಿ ರಸ್ತೆಯ ಆಚೆ ಬದಿಯಲ್ಲಿ ಬರುತ್ತಿದ್ದಳು. ಹೆಗಲ ಮೇಲೆ ಮಗು, ಮುಖ ನನ್ನ ಅಂಗಡಿ ಕಡೆ. ಪೆಟ್ಟಿಗೆ ಬಿಸಿಯಿತ್ತು. ರೂಢಿ ನೋಡಿ, ಬೆರಳು ತಾನಾಗಿ ನಾಲಿಗೆಗೆ ಹೋಯಿತು. ಪೆಟ್ಟಿಗೆಗೆ ತಾಗಿಸಲಿಲ್ಲ. ಚುಯ್ ಅಂದರೆ ಅವಳಿಗೀಗ ಹಾಲೋ, ಸುಟ್ಟ ಅಂಗೈಯೋ, ಯಾರಿಗೆ ಗೊತ್ತು. ಅವಳು ದಾಟಿ ಹೋಗುವವರೆಗೆ ಒದ್ದೆ ಬೆರಳು ಹಾಗೇ ಮೇಲೆ ಹಿಡಿದು, ಆರಿದರೂ ಇಳಿಸದೆ ನಿಂತಿದ್ದೆ.